ತಿಪ್ಪವ್ವ ಬಡಿದ ಮೊಳೆಗಳು

ಸಿಂದಗಿಯಿಂದ ಇಂಡಿಗೆ ಹೋಗುವ ರಸ್ತೆಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಿಪ್ಪವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿರಬಿರನೆ ಬರುತ್ತಾರೆ. ಚಹಾದಂಗಡಿಯ ಜೈನುದ್ದೀನ “ಚಾ ಕುಡದು ಹೋಗ್ರಿ ತಿಪ್ಪವ್ವಾರ” ಎಂದು ಕೂಗುತ್ತಾನೆ. ಇವರು ನಿಲ್ಲುವುದಿಲ್ಲ. ಕಣ್ಣು ನೆಟ್ಟಿರುವುದು ಒಂದೇ ಕಡೆ, ಖಾಸಗಿ ಪಶು ಆಸ್ಪತ್ರೆಯ ಕಬ್ಬಿಣದ ಗೇಟಿನ ಮೇಲೆ. ರಾತ್ರಿ ಕಳೆದು ಬೆಳಗಾಗುವುದರೊಳಗೆ ಅಲ್ಲಿ ಯಾರು ಏನು ಕಟ್ಟಿ ಹೋಗಿದ್ದಾರೆ ಎಂದು ನೋಡುವ ತನಕ ಅವರ ಗಂಟಲಲ್ಲಿ ಚಹಾ ಇಳಿಯುವುದಿಲ್ಲ.

ಇವತ್ತು ಒಂದು ಮುದಿ ನಾಯಿ. ಕಂದು ಮೈ, ಹಿಂಗಾಲು ಎಳೆಯುತ್ತದೆ. ಹಗ್ಗವನ್ನು ಎಷ್ಟು ಗಿಡ್ಡ ಕಟ್ಟಿದ್ದಾರೆಂದರೆ ಪಾಪದ್ದಕ್ಕೆ ಮಲಗಲೂ ಬರುವುದಿಲ್ಲ. ಮುಂದೆ ಒಂದು ಬಿಸ್ಕೀಟಿನ ಪುಡಿಕೆ ಒಡೆದಿಟ್ಟಿದ್ದಾರೆ.

“ಬಿಸ್ಕೀಟ ಇಟ್ಟಾರ ನೋಡ್ರಿ, ಬಿಸ್ಕೀಟ!” ತಿಪ್ಪವ್ವನ ದನಿ ಬಸ್ ನಿಲ್ದಾಣಕ್ಕೆ ಕೇಳುವಂತಿದೆ. “ಪುಣ್ಯಾ ಬರತೈತಿ ಅಂತ ತಿಳದಾರು. ನನ್ನ ಕೈಯಾಗ ಸಿಗಲಿ, ಏನ ಬರತೈತಿ ತೋರಸ್ತೇನಿ.” ಹೀಗೆ ಬೈಯುತ್ತಲೇ ಬಾಗಿ ಗಂಟು ಬಿಚ್ಚುತ್ತಾರೆ. ನಾಯಿಯ ಕಿವಿಯ ಹತ್ತಿರ ಬಾಯಿ ಬಂದಾಗ ಅದೇ ದನಿ ತೊಟ್ಟಿಲು ತೂಗುವವರ ದನಿಯಾಗುತ್ತದೆ. “ಬಾ ನನ ಕೂಸ, ಬಾ. ನಿನಗಲ್ಲ ಬೈದದ್ದು.”

ಮದುವೆಯ ಹಂಗಾಮು ಬಂತೆಂದರೆ ಊರಿಗೆಲ್ಲ ಸಂಭ್ರಮ, ತಿಪ್ಪವ್ವನಿಗೆ ಪಿತ್ತ ನೆತ್ತಿಗೇರುವ ಕಾಲ. ಮದುವೆಗೆ ಹಂದರ ಹಾಕಿದ ಮನೆಯಲ್ಲಿ ಜೀವ ಹೋಗಬಾರದು ಎಂಬ ನಂಬಿಕೆ ಈ ಸೀಮೆಯಲ್ಲಿ ಗಟ್ಟಿ. ಹಂದರಗಂಬ ನೆಟ್ಟ ಮೇಲೆ ಆ ಮನೆಯವರು ಸತ್ತವರ ಮನೆಯ ಕಡೆ ಹಣಿಕಿಯೂ ಹಾಕುವುದಿಲ್ಲ. ಇರಲಿ, ಹಿರಿಯರ ರೂಢಿ. ಆದರೆ ವರ್ಷಗಟ್ಟಲೆ ಬಾಗಿಲು ಕಾಯ್ದ ನಾಯಿ ಹಾಸಿಗೆ ಹಿಡಿಯಿತೆಂದು, ಹಂದರಕ್ಕೆ ಮೊದಲೇ ಅದನ್ನು ಕಂಡವರ ಗೇಟಿಗೆ ಕಟ್ಟಿ ಬರುವ ಜಾಣತನವನ್ನು ಯಾವ ಹಿರಿಯರು ಕಲಿಸಿದರೋ! ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಜೀಪಿನಲ್ಲಿ ಹೇರಿಕೊಂಡು ಬಂದು ಕಟ್ಟುವವರಿದ್ದಾರೆ. ಬಾಗಿಲು ತೆಗೆಯುವ ತನಕ ಕಾದು, ಇದಕ್ಕೆ ಹೀಗಾಗಿದೆ ನೋಡಿ ಎಂದು ಒಂದು ಮಾತು ಹೇಳಿದರೆ ಇವರ ಗಂಟೇನು ಹೋಗುತ್ತದೆ?

“ಇದ್ರಾಗ ಜಾತಿ ಗೀತಿ ಇಲ್ರಿ,” ಎನ್ನುತ್ತಾರೆ ತಿಪ್ಪವ್ವ. “ಎಲ್ಲಾರೂ ಕಟ್ಟತಾರ. ನಮ್ಮ ಬೀಗರ ಪೈಕಿ ಒಬ್ಬಾಂವ ಕಟ್ಟಿದ್ದ. ಅವನ ಮನ್ಯಾಗ ಇವತ್ತಿಗೂ ನೀರ ಮುಟ್ಟಿಲ್ಲ ನಾ.”

ತಿಪ್ಪವ್ವ ದೇವರ ಹಿಪ್ಪರಗಿ ಕಡೆಯ ಕುರಿಗಾರರ ಮಗಳು. ಗಂಡ ಸೋಮನಿಂಗ ಮೇವಿನ ಜಾಗಗಳೆಲ್ಲ ಬೇಲಿಯೊಳಗೆ ಹೋದ ಮೇಲೆ ಕುರಿ ಮಾರಿ ಸಿಂದಗಿಯಲ್ಲಿ ಹಮಾಲಿಗೆ ನಿಂತರು. ಅದೇ ವರ್ಷ ಇಂಡಿಯ ಶ್ರೀವಾಣಿ ಎಂಬ ತರುಣ ಪಶುವೈದ್ಯೆ ಇಲ್ಲಿ ಸ್ವಂತ ಆಸ್ಪತ್ರೆ ತೆರೆದರು. ಕಸ ಹೊಡೆಯಲು ಬಂದ ತಿಪ್ಪವ್ವ ಈಗ ಸಾಮಾನು ಕುದಿಸುವುದರಿಂದ ಹಿಡಿದು ಸೂಜಿ ಚುಚ್ಚುವಾಗ ಜೀವ ಹಿಡಿದು ನಿಲ್ಲುವ ತನಕ ಎಲ್ಲದಕ್ಕೂ ಬೇಕು. ದಿನಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಂತೆ ನಾಯಿ, ಬೆಕ್ಕು, ಆಡು, ಕೋಳಿ ಬರುತ್ತವೆ. ಕಚ್ಚಿಸಿಕೊಂಡು ಎಡಗೈ ಹೆಬ್ಬೆರಳು ಮಡಚದಂತಾಗಿದೆ. ಮನೆಗೆ ಹೋದರೆ ಮೈ ತೊಳೆಯದೆ ನೀರಿನ ಕೊಡ ಮುಟ್ಟಬೇಡ ಎಂದು ನಾದಿನಿ ಗುಂಡವ್ವ ಅಡ್ಡ ನಿಲ್ಲುತ್ತಾಳೆ.

“ಅಡವ್ಯಾಗ ಹುಟ್ಟಿದಾಕಿ ನಾ. ಮಳಿ, ಬಿಸಲು ಅನ್ನದ ತಿಂಗಳಾನುಗಟ್ಟಲೆ ದಾರಿ ಮ್ಯಾಗ ಇರತಿದ್ವಿ. ನಾಯಿ ಮುಪ್ಪಾತಂದ್ರ ನಮ್ಮಪ್ಪ ಅದನ್ನ ಎಳಿ ಮರಿಗೋಳ ಜೋಡಿ ಕುದುರಿ ಮ್ಯಾಗ ಹೇರತಿದ್ದ. ತಾ ನಡಕೋತ ಬರತಿದ್ದ. ಮನೀನ ಇಲ್ಲದಾವ್ರು ನಾವ ನಾಯಿ ಬಿಟ್ಟಿಲ್ಲ. ಮೂರಂತಸ್ತಿನ ಮನಿ ಕಟ್ಟಿದಾವ್ರಿಗೆ ಒಂದ ಮೂಲಿ ಸಿಗವಲ್ದಂದ್ರ, ಅದೇನ ಮನೀರಿ?”

ಎಲ್ಲರೂ ಅಂಥವರಲ್ಲ. ಬೇವಿನ ಮರದ ಕೆಳಗೆ ಸರದಿ ಕಾಯುವವರದ್ದೇ ಒಂದು ಓಣಿ ಆಗಿಬಿಟ್ಟಿದೆ. ತಾಳಿಕೋಟೆಯ ಶಮಶಾದಬಿ ತಮ್ಮ ಬೆಕ್ಕನ್ನು ಬದನೆಕಾಯಿಯ ಬುಟ್ಟಿಯಲ್ಲಿ ಕೂರಿಸಿಕೊಂಡು ಬಸ್ಸಿನಲ್ಲಿ ಬರುತ್ತಾರೆ. ಬರುವಾಗ ಗೇಟಿನ ನಾಯಿಗಳಿಗೆಂದು ಹಾಲು, ತಿಪ್ಪವ್ವನಿಗೆಂದು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ. ಒಬ್ಬರ ಆಡನ್ನು ಇನ್ನೊಬ್ಬರು ಹಿಡಿಯುತ್ತಾರೆ, ಯಾರದೋ ನಾಯಿಗೆ ಯಾರೋ ಗಾಳಿ ಹಾಕುತ್ತಾರೆ. ಇಷ್ಟು ಮಂದಿಗೆ ಬರುವ ಬುದ್ಧಿ ಉಳಿದವರಿಗೆ ಏಕೆ ಬರುವುದಿಲ್ಲ ಎಂಬುದೇ ತಿಪ್ಪವ್ವನ ತಕರಾರು.

ಈ ಸಿಟ್ಟು ಬಾಯಲ್ಲಷ್ಟೇ ಉಳಿದಿಲ್ಲ. ರಸ್ತೆಯ ಕಡೆ ಮುಖ ಮಾಡಿದ ಆಸ್ಪತ್ರೆಯ ಗೋಡೆಯ ಮೇಲೆ ಸಾಲಾಗಿ ಮೊಳೆ ಬಡಿದಿದ್ದಾರೆ. ಒಂದೊಂದು ಮೊಳೆಗೆ ಒಂದೊಂದು ನಾಯಿಯ ಕೊರಳಪಟ್ಟಿ. ಚರ್ಮದ್ದು, ಸರಪಳಿಯದ್ದು, ಗೆಜ್ಜೆ ಕಟ್ಟಿದ್ದು, ಮಕ್ಕಳು ಮಣಿ ಪೋಣಿಸಿದ್ದು. ಗೇಟಿಗೆ ಕಟ್ಟಿ ಹೋದ ಪ್ರತಿ ನಾಯಿಯ ಪಟ್ಟಿ ಅಲ್ಲಿದೆ. ಮೊದಲು ಇದು ಫಿನೈಲಿನಲ್ಲಿ ತೊಳೆದ ಪಟ್ಟಿಗಳನ್ನು ಒಣಹಾಕುವ ಜಾಗ ಅಷ್ಟೇ ಆಗಿತ್ತು. ಒಂದು ದಿನ ದಾರಿಯಲ್ಲಿ ಹೊರಟ ದೊಡ್ಡ ಮನುಷ್ಯರೊಬ್ಬರು ಗಾಡಿ ನಿಲ್ಲಿಸಿ, “ನಮ್ಮ ಮಾನ ಕಳೀತೀರೇನು?” ಎಂದು ಒಳಗೆ ನುಗ್ಗಿದರು. ಯಾರೂ ಅವರ ಹೆಸರೆತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ತಿಪ್ಪವ್ವ ಅವತ್ತೇ ಜೈನುದ್ದೀನನ ಅಂಗಡಿಯಿಂದ ಸುತ್ತಿಗೆ ಇಸಿದುಕೊಂಡು ಬಂದು ಇನ್ನಷ್ಟು ಮೊಳೆ ಬಡಿದರು. ಈಗ ಕೆಲವರು ಪಟ್ಟಿ ಬಿಚ್ಚಿಕೊಂಡು ಬರೀ ಹಗ್ಗದಲ್ಲಿ ಕಟ್ಟಿ ಹೋಗುತ್ತಾರೆ. ಅಂಥ ಶಾಣ್ಯಾರ ಹಗ್ಗಗಳೂ ಗೋಡೆಗೆ ಬಂದಿವೆ.

ಈ ಸಲದ ಹಂಗಾಮಿನ ಆರಂಭದಲ್ಲೇ ರಾಣಿ ಬಂದಳು.

ಕರಿಯ ಲ್ಯಾಬ್ರಡಾರ್. ಮೊಲೆಯ ಗಡ್ಡೆ ಒಡೆದು ವಾಸನೆ ಬರುತ್ತಿತ್ತು. ತನ್ನನ್ನು ತಂದ ಜೀಪು ಹೋದ ದಿಕ್ಕಿಗೇ ಮುಖ ಮಾಡಿ ಕೂತಿದ್ದಳು. ಕೊರಳಲ್ಲಿ ಹಿತ್ತಾಳೆ ಗೆಜ್ಜೆಯ ಕೆಂಪು ಪಟ್ಟಿ. ಅದನ್ನು ಕಂಡು ತಿಪ್ಪವ್ವನ ಬೈಗುಳ ಬಾಯಲ್ಲೇ ನಿಂತಿತು. ಆ ಪಟ್ಟಿಗೆ ಹೆಚ್ಚಿನ ತೂತು ಹೊಡೆದುಕೊಟ್ಟವರು ಅವರೇ. ಆಸ್ಪತ್ರೆ ತೆರೆದ ದಿನ ಮೊದಲ ಸೂಜಿ ಹಾಕಿಸಿಕೊಂಡ ಮರಿ ಅದು. ತಂದವರು ದುಂಡೇಶ ಸಾಹುಕಾರರು, ಆಸ್ಪತ್ರೆಯ ಜಾಗದ ಮಾಲೀಕರು. ಹೆಣ್ಣುಮಗಳು ಆಸ್ಪತ್ರೆ ನಡೆಸುತ್ತಾಳೆಯೇ ಎಂದು ಊರೆಲ್ಲ ಮೂಗು ಮುರಿದಾಗ, ನಡೆಸಲಿ ಎಂದು ಜಾಗ ಕೊಟ್ಟವರೂ ಅವರೇ. ರಾಣಿ ಗೇಟಿಗೆ ಬಂದ ದಿನವೇ ಅವರ ಮಗನ ಮದುವೆಗೆ ಹಂದರಗಂಬ.

ಶ್ರೀವಾಣಿಯವರು ಗಾಯ ತೊಳೆದರು, ನೋವಿಗೆ ಔಷಧಿ ಹಾಕಿದರು. ಕೊಯ್ದರೆ ತಡೆದುಕೊಳ್ಳುವ ಶಕ್ತಿ ರಾಣಿಗೆ ಇರಲಿಲ್ಲ. ತಿಪ್ಪವ್ವ ಪಟ್ಟಿ ತೊಳೆದು ಎಲ್ಲದರಂತೆ ಅದನ್ನೂ ಗೋಡೆಗೆ ಹಾಕಿದರು.

ಮರುದಿನವೇ ಸಾಹುಕಾರರು ಬಂದು ವೈದ್ಯೆಯ ಎದುರು ನಿಂತರು. “ಬಾಯಾರ, ಚಡಚಣದ ಬೀಗರು ಇದ ದಾರೀಲೆ ಬರತಾರ. ನಿಶ್ಚಯಕ್ಕ ಬಂದಾಗ ಸೊಸಿ ಆಗಾಕಿ ರಾಣೀನ ಬಿಟ್ಟ ಸರದಿಲ್ಲ. ನಾಯಿ ತ್ವಾಟದಾಗ ಐತಿ ಅಂತ ಹೇಳೇನಿ. ಆ ಪಟ್ಟಾ ಇಳಸ್ರಿ. ಆಗಂಗಿಲ್ಲಂದ್ರ ಜಾಗ ಬಿಡ್ರಿ.” ರಾಣಿ ಒಳಗಿನ ಕೋಣೆಯಲ್ಲಿ ಅವರ ದನಿ ಕೇಳಿ ಬಾಲ ಬಡಿಯುತ್ತಿದ್ದಳು. ಅವರು ಒಳಗೆ ಹೋಗಲಿಲ್ಲ.

ಅವರು ಹೋದ ಮೇಲೆ ವೈದ್ಯೆ ತಿಪ್ಪವ್ವನನ್ನು ಕರೆದರು. “ತಿಪ್ಪಕ್ಕ, ಇದೊಂದ ತಗದಿಡೋಣ. ಈ ಜಾಗ ಹೋದ್ರ ನಾಲ್ಕು ತಾಲೂಕಿನ ಜೀವಗೋಳು ಎಲ್ಲಿ ಹೋಗಬೇಕು? ನಮ್ಮ ಕೈಯಾಗ ಏನದ?”

ತಿಪ್ಪವ್ವ ಹೊರಗೆ ಹೋದರು. ಒಂದನ್ನಲ್ಲ, ಗೋಡೆಯ ಮೇಲಿನ ಅಷ್ಟೂ ಪಟ್ಟಿಗಳನ್ನು, ಹಗ್ಗಗಳನ್ನು ಉಡಿಯಲ್ಲಿ ತುಂಬಿಕೊಂಡು ಬಂದು ವೈದ್ಯೆಯ ಮೇಜಿನ ಮೇಲೆ ಸುರಿದರು. “ಒಂದ ತಗದ್ರ ಎಲ್ಲಾ ತಗೀರಿ, ಬಾಯಾರ. ಬಡವರ ಹಗ್ಗ ಗ್ವಾಡೀಗೆ, ಸಾವ್ಕಾರ್ರ ಪಟ್ಟಾ ಮೇಜಿನ ಡ್ರಾದಾಗ ಅನ್ನೂದಾದ್ರ ನಾಳಿಂದ ಗೇಟು ನೀವ ಬಿಚ್ಚರಿ. ನಾ ಬರಂಗಿಲ್ಲ.”

ಇಬ್ಬರೂ ಸಿಟ್ಟಿನಲ್ಲಿದ್ದರು. ಒಬ್ಬರಿಗೆ ಆಸ್ಪತ್ರೆಯೇ ಹೋಗುವ ಭಯ, ಇನ್ನೊಬ್ಬರಿಗೆ ಇಷ್ಟು ವರ್ಷ ನಂಬಿದವರೂ ಹೀಗಂದರಲ್ಲ ಎಂಬ ಉರಿ. ಬೇವಿನ ಮರದ ಕೆಳಗಿದ್ದವರೆಲ್ಲ ಬಾಗಿಲಿಗೆ ಬಂದು ನಿಂತರು. ಶ್ರೀವಾಣಿಯವರು ಆ ಗುಡ್ಡೆಯನ್ನೇ ನೋಡುತ್ತ ಕೂತವರು ಕೊನೆಗೆ ಎದ್ದರು, ಕೆಂಪು ಪಟ್ಟಿಯನ್ನು ಹುಡುಕಿ ತೆಗೆದರು. ಹೊರಗೆ ಹೋಗಿ ಗೇಟಿಗೆ ಎಲ್ಲಕ್ಕಿಂತ ಹತ್ತಿರದ ಮೊಳೆಗೆ ತಾವೇ ಹಾಕಿದರು. ಉಳಿದವನ್ನು ಶಮಶಾದಬಿ ಒಂದೊಂದಾಗಿ ಎತ್ತಿಕೊಟ್ಟರು.

ಮದುವೆಯ ದಿನ ಬ್ಯಾಂಡಿನ ಸದ್ದು ಆಸ್ಪತ್ರೆಯ ತನಕ ಕೇಳುತ್ತಿದ್ದಾಗ ರಾಣಿಯ ಜೀವ ತಿಪ್ಪವ್ವನ ತೊಡೆಯ ಮೇಲೆ ಹೋಯಿತು. “ಕಡೀತನಾ ಬಾಗಲಾ ನೋಡಿದ್ಳು,” ಎನ್ನುತ್ತಾರೆ ತಿಪ್ಪವ್ವ. “ಉಂಡ ಮನಿಗೆ ಎರಡು ಬಗಿಯೂದು ಮನಷ್ಯಾರಿಗೆ ಬರತೈತಿ, ನಾಯಿಗೆ ಬರಂಗಿಲ್ರಿ.” ಹಿತ್ತಲಲ್ಲಿ ಕುಣಿ ತೋಡಿದವರು ಸೋಮನಿಂಗ. ಹಮಾಲಿ ಬಿಟ್ಟು ಬಂದಿದ್ದರು.

ಬೀಗರ ಬಂಡಿಗಳು ಗೋಡೆಯನ್ನು ನೋಡದೆಯೇ ದಾಟಿ ಹೋದವು. ಅಲ್ಲಿಗೆ ಮುಗಿಯಿತೆಂದು ಸಾಹುಕಾರರು ಅಂದುಕೊಂಡಿರಬೇಕು. ಆದರೆ ಹೊಸ ಸೊಸೆ ಕಾವೇರಿ ತವರಿನಿಂದ ತನ್ನ ಪುಟ್ಟ ಬಿಳಿ ನಾಯಿಯನ್ನೂ ತಂದಿದ್ದಳು. ಕಳೆದ ವಾರ ಅದಕ್ಕೆ ಭೇದಿ ಹತ್ತಿತು. ಗಂಡ ಊರಲ್ಲಿರಲಿಲ್ಲ. ಅವಳು ಆಟೋ ಮಾಡಿಕೊಂಡು ಒಬ್ಬಳೇ ಬಂದಳು, ಗೇಟಿನ ಹತ್ತಿರ ಇಳಿದಳು, ಕೇಳಿ ಗೊತ್ತಿದ್ದ ಆ ಗೋಡೆ ನೋಡಿ ನಿಂತಳು.

“ಇದು ರಾಣೀದಲ್ರೀ?”

ವಿಷಯ ಗೊತ್ತಾಗಿ ಹಿಂದೆಯೇ ಜೀಪು ಓಡಿಸಿಕೊಂಡು ಬಂದ ದುಂಡೇಶ ಸಾಹುಕಾರರು ಅಷ್ಟರಲ್ಲಿ ಇಳಿದಿದ್ದರು. ಊರಿಗೆಲ್ಲ ಕೇಳುವಂತೆ ಬೈಯುವ ತಿಪ್ಪವ್ವ ಅವತ್ತು ತುಟಿ ಬಿಚ್ಚಲಿಲ್ಲ. ಹೇಳಬೇಕಾದವರೇ ಎದುರಿಗೆ ಇದ್ದರಲ್ಲ.

“ತ್ವಾಟದಾಗ ಐತಿ ಅಂದಿದ್ರೆಲ್ಲಾ ಮಾವಾರ. ಇಲ್ಲಿ ಯಾರ ಕಟ್ಟಿ ಹೋದ್ರು?”

ಸರದಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಸಾಹುಕಾರರು ನೆಲ ನೋಡಿದರು, ಗೋಡೆ ನೋಡಿದರು. “ನಾನ ಕಟ್ಟಿದ್ದೆವಾ,” ಎಂದವರೇ ಹೋಗಿ ಜೀಪಿನಲ್ಲಿ ಕೂತರು. ಕಾವೇರಿ ಕೈಯಲ್ಲಿದ್ದ ನಾಯಿಯ ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

ಜಾಗ ಬಿಡಿಸುವ ಮಾತು ಆಮೇಲೆ ಎದ್ದಿಲ್ಲ. ಬಿದ್ದೂ ಹೋಗಿಲ್ಲ. ಸಾಹುಕಾರರು ಒಪ್ಪಿಕೊಂಡರಲ್ಲ, ಇನ್ನಾದರೂ ಸಿಟ್ಟು ಇಳಿಯಿತೇ ಎಂದು ಕೇಳಿದರೆ ತಿಪ್ಪವ್ವ ಕೇಳಿದವರನ್ನೇ ಸುಡುವಂತೆ ನೋಡುತ್ತಾರೆ. “ಅಂದ್ರಲ್ಲ, ಸಾಕು ಅಂತೀರೇನು? ನನಗ ಸಾಕಾಗಿಲ್ಲ. ಆ ದನಿ ಕೇಳಾಕ ಅಷ್ಟು ದಿನ ಕಿವಿ ನಿಗರಿಸಿ ಮಲಗಿದಾಕಿ ರಾಣಿ. ಆಕಿ ಇಲ್ಲದಾಗ ಅಂದ್ರ ಯಾರಿಗೆ ಅಂದಂಗಾತು?”

ಬಿಸಿಲು ಗೋಡೆಗೆ ಬಂದಿದೆ. ಇವತ್ತಿನ ಕಂದು ನಾಯಿ ಒಳಗೆ ಹಾಲು ಕುಡಿದು, ಬೆಳಗಿನಿಂದ ಮೊದಲ ಸಲ ಕಾಲು ಚಾಚಿ ಮಲಗಿದೆ. ತಿಪ್ಪವ್ವ ಅದರ ಗಿಡ್ಡ ಹಗ್ಗವನ್ನು ತೊಳೆದು ಹಿಂಡಿ ಮೊಳೆಗೆ ಹಾಕುತ್ತಾರೆ. ಸಾಲು ಅಲ್ಲಿಗೆ ತುಂಬಿತು. ಸುತ್ತಿಗೆ ಎತ್ತಿಕೊಂಡು, ಮಡಚದ ಹೆಬ್ಬೆರಳನ್ನು ಪಕ್ಕಕ್ಕೆ ಸರಿಸಿ, ಪಕ್ಕದಲ್ಲಿ ಇನ್ನೊಂದು ಮೊಳೆ ಬಡಿಯುತ್ತಾರೆ. ನಿಮಗಾಗಿ ಏನಾದರೂ ಬೇಕೆನ್ನಿಸುವುದಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ಆ ಪೆಟ್ಟುಗಳ ನಡುವೆಯೇ ಬರುತ್ತದೆ.

“ಈ ಮೊಳಿ ಐತೆಲ್ರಿ, ಇದು ಖಾಲಿ ಉಳದು ಜಂಗ ಹಿಡದು ಉದರಬೇಕು. ಅದನ್ನ ನೋಡಿ ಸಾಯತೇನಿ. ಮತ್ತೇನೂ ಬ್ಯಾಡ್ರಿ ನನಗ.”