ಸೈಕಲ್ ಸ್ಟ್ಯಾಂಡ್ ನೋಡಿ ಕೊಂಡ ಷೇರು

ಅಮ್ಮ ತೀರಿಕೊಂಡ ಮೇಲೆ ಸಿದ್ಧಾರ್ಥನಗರದ ಮನೆಯಲ್ಲಿ ನಾನೊಬ್ಬಳೇ. ಸ್ಕೂಲಿನ ಕೆಲಸದಿಂದ ರಿಟೈರ್ ಆಗಿದ್ದೆ. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನನ್ನನ್ನು ದಿನಕ್ಕೊಮ್ಮೆಯಾದರೂ ಯಾರಾದರೂ ಮಾತನಾಡಿಸುತ್ತಿದ್ದ ಜಾಗವೆಂದರೆ ಷೇರು ಬ್ರೋಕರ್ ಆಫೀಸು. ಹತ್ತಕ್ಕೆ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸ್ಕ್ರೀನಿನಲ್ಲಿ ಓಡುವ ರೇಟು ನೋಡಿ, ಹನ್ನೆರಡಕ್ಕೆ ಸರಿಯಾಗಿ ಊಟಕ್ಕೆ ಮನೆ. ಕಾನ್ವೆಂಟಿನಲ್ಲಿ ಕಲಿತ ಪಂಕ್ಚುಯಾಲಿಟಿ ಬಿಡಬೇಕೆಂದರೂ ಬಿಡಲಿಲ್ಲ.

ನನ್ನ ಮೆಥಡ್ ಬಹಳ ಸಿಂಪಲ್. ಪೇಪರಿನಲ್ಲಿ ಪ್ರತಿ ಷೇರಿನ ಎದುರು ಆ ವರ್ಷದ ಅತಿ ಹೆಚ್ಚು, ಅತಿ ಕಡಿಮೆ ಬೆಲೆ ಎರಡೂ ಇರುತ್ತಿದ್ದವು. ಕಡಿಮೆಯ ಹತ್ತಿರ ಇಳಿದದ್ದಕ್ಕೆ ಕೆಂಪು ಪೆನ್ಸಿಲಿನ ಗೆರೆ. ಆಷಾಢದ ಡಿಸ್ಕೌಂಟಿಗೆ ಕಾದು ರೇಷ್ಮೆ ಸೀರೆ ಕೊಳ್ಳುತ್ತಿದ್ದ ಅಮ್ಮನ ಮಗಳಲ್ಲವೇ ನಾನು.

ಪಕ್ಕದ ಕುರ್ಚಿ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರರದು. ಅವರಿಗೂ ಮನೆಯಲ್ಲಿ ಯಾರೂ ಇರಲಿಲ್ಲ. ನನ್ನ ಗೆರೆಗಳತ್ತ ಬಗ್ಗಿ ನೋಡುತ್ತಿದ್ದರು.

“ಏನ್ ಮೇಡಂ, ಬಿದ್ದೋರ್ನೆಲ್ಲ ಎತ್ತೋ ಕೆಲ್ಸ ಇವತ್ತೂನಾ?”

“ಎದ್ದು ನಿಂತಿರೋರು ನಮ್ಮಂಥೋರ ಕೈಗೆಲ್ಲಿ ಸಿಗ್ತಾರೆ ಸರ್?”

ಅಷ್ಟು ಮಾತಿಗಾಗಿ ನಾನು ಬೆಳಿಗ್ಗೆಯಿಂದ ಕಾಯುತ್ತಿದ್ದೆ.

ಒಮ್ಮೆ ಹೂಟಗಳ್ಳಿಯ ಕಾರ್ಖಾನೆಯೊಂದರ ಷೇರು ವರ್ಷದ ತಳಕ್ಕೆ ಬಂತು. ಬ್ಯಾಲೆನ್ಸ್ ಶೀಟ್ ನನಗೆ ಅರ್ಥವಾಗುತ್ತಿರಲಿಲ್ಲ. ಊರಲ್ಲೇ ಇದೆಯಲ್ಲ, ಹೋಗಿ ನೋಡಿದರಾಯಿತು ಅಂದೆ. ಅವರೂ ಹೊರಟರು. ಸಿಟಿ ಬಸ್ಸಿನಲ್ಲಿ ಎರಡು ಟಿಕೆಟನ್ನೂ ಅವರೇ ತೆಗೆದುಕೊಂಡರು. ನನ್ನ ಟಿಕೆಟನ್ನು ಇನ್ನೊಬ್ಬರು ತೆಗೆದು ಎಷ್ಟು ವರ್ಷವಾಗಿತ್ತೋ.

ಗೇಟಿನ ಒಳಗೆ ಸೈಕಲ್ ಸ್ಟ್ಯಾಂಡ್ ತುಂಬಿ, ಜಾಗ ಸಾಲದೆ ಕಾಂಪೌಂಡಿಗೂ ಸೈಕಲ್ ಒರಗಿಸಿದ್ದರು.

“ಇಷ್ಟು ಜನಕ್ಕೆ ಕೆಲ್ಸ ಇದೆ ಅಂದ್ರೆ ಕಂಪನಿ ಎಲ್ಲಿಗೆ ಹೋಗುತ್ತೆ ಸರ್?”

“ನೀವ್ ಹೇಳಿದ್ಮೇಲೆ ಮುಗೀತು ಬುಡಿ. ನಾನೂ ತಗೊಂಬುಡ್ತೀನಿ.”

ನಾನು ಕೊಂಡದ್ದು ಸ್ವಲ್ಪ. ಅವರು ರಿಟೈರ್ಮೆಂಟಿನ ದುಡ್ಡು ತೆಗೆದು ನನ್ನ ಹತ್ತರಷ್ಟು ಕೊಂಡರು.

ಒಂದು ತಿಂಗಳೊಳಗೆ ಗೇಟಿಗೆ ಬೀಗ ಬಿತ್ತು. ಆಮೇಲೆ ತಿಳಿಯಿತು: ನಾವು ಹೋದ ದಿನ ಮೂರೂ ಶಿಫ್ಟಿನವರನ್ನು ಒಟ್ಟಿಗೆ ಕರೆಸಿ, ಕಾರ್ಖಾನೆ ಮುಚ್ಚುವ ಸುದ್ದಿ ಹೇಳಿದ್ದರಂತೆ. ತಳ ಅಂದುಕೊಂಡದ್ದರ ಕೆಳಗೆ ಇನ್ನೂ ಎಷ್ಟೋ ತಳಗಳಿದ್ದವು.

ಪಕ್ಕದ ಕುರ್ಚಿ ಖಾಲಿಯಾಯಿತು. ಹುಷಾರಿಲ್ಲವೇನೋ ಎಂದು ಕೆಲವು ವಾರ ಸುಮ್ಮನಿದ್ದು, ಕೊನೆಗೆ ಕೌಂಟರಿನ ಹುಡುಗಿಯನ್ನು ಕೇಳಿದೆ.

“ಅವ್ರಾ? ದಿನಾ ಬರ್ತಾರಲ್ಲ ಮೇಡಂ, ಹನ್ನೆರಡೂವರೆ ಹಂಗೆ,” ಅಂದವಳು ತಲೆ ತಗ್ಗಿಸಿ ಪೇಪರುಗಳಿಗೆ ಪಿನ್ ಹೊಡೆಯತೊಡಗಿದಳು.

ಮಾರನೆಯ ದಿನ ಹನ್ನೆರಡಾದರೂ ನಾನು ಏಳಲಿಲ್ಲ. ಮುಖ ನೋಡಿ ಒಂದು ‘ಸಾರಿ’ ಹೇಳಬೇಕಿತ್ತು. ಹನ್ನೆರಡೂಮುಕ್ಕಾಲಿಗೆ ಕಿಟಕಿಯಿಂದ ನೋಡಿದರೆ, ಎದುರಿನ ಹೊಂಗೆ ಮರದ ಕೆಳಗೆ ಅವರು ಕೊಡೆ ಹಿಡಿದು ನಿಂತಿದ್ದರು. ಆಫೀಸಿನ ಬಾಗಿಲನ್ನೇ ನೋಡುತ್ತಿದ್ದರು. ವಾಚ್ ನೋಡಿಕೊಂಡರು, ಮತ್ತೆ ಬಾಗಿಲು ನೋಡಿದರು. ನಾನು ಹೊರಡುವುದನ್ನೇ ಕಾಯುತ್ತಿದ್ದರು.

ಬ್ಯಾಗ್ ಎತ್ತಿಕೊಂಡೆ. ಗೆರೆ ಎಳೆಯದ ಪೇಪರನ್ನು ಅವರ ಕುರ್ಚಿಯ ಮೇಲಿಟ್ಟು, ಆ ಕಡೆ ತಿರುಗದೆ ನಡೆದೆ. ಅಲ್ಲಿಂದ ಮುಂದೆ ಒಂದು ದಿನವೂ ಹನ್ನೆರಡು ದಾಟಿಸಲಿಲ್ಲ. ಪಾಪ, ಬಿಸಿಲಲ್ಲಿ ಎಷ್ಟು ಹೊತ್ತು ನಿಂತಾರು.