ಸೀಟು ಬಿಟ್ಟರೆ ನಿಲ್ಲುವ ಎಂಜಿನ್ನು

ನಮ್ಮ ಕಡೆ ಹೆಂಗಸರು ಚಳಿಗಾಲದಲ್ಲಿ ಗಂಡಂದಿರನ್ನು ಕಿವಿಯಿಂದ ಕಾಯುತ್ತಾರೆ. ಸುಪೀರಿಯರ್ ಸರೋವರದ ಮೇಲಿನಿಂದ ಹಿಮ ಬೀಸತೊಡಗಿದರೆ ಕಿಟಕಿಯಾಚೆ ಏನೂ ಕಾಣುವುದಿಲ್ಲ. ಗಂಡ ಟ್ರ್ಯಾಕ್ಟರ್ ಹತ್ತಿ ಮನೆಯ ದಾರಿಯ ಹಿಮ ಬಿಡಿಸಲು ಹೋಗಿರುತ್ತಾನೆ. ಹೆಂಡತಿ ಒಳಗೆ ಹಿಟ್ಟು ನಾದುತ್ತಲೋ ಬಟ್ಟೆ ಮಡಿಸುತ್ತಲೋ ಇರುತ್ತಾಳೆ. ಎಂಜಿನ್ ಸದ್ದು ಕೇಳುತ್ತಿದೆಯೆಂದರೆ ಎಲ್ಲ ಸರಿಯಾಗಿದೆ. ನಿಂತಿತೆಂದರೆ ಕೆಲಸ ಮುಗಿದಿದೆ, ಕಾಫಿಗೆ ನೀರಿಡಬೇಕು. ನಮ್ಮಮ್ಮ ಹೀಗೇ ಮಾಡುತ್ತಿದ್ದಳು, ನನ್ನ ಗಂಡ ಇದ್ದಷ್ಟು ಕಾಲ ನಾನೂ ಹೀಗೇ ಮಾಡಿದೆ. ಸೈಮಾ ಕೆಂಪೈನನ್ ಕೂಡ ಹೀಗೇ ಮಾಡಿದಳು, ಅದರಿಂದಲೇ ನುಚ್ಚುನೂರಾದಳು.

ಸೈಮಾ ಊರಿನ ಶಾಲೆಯಲ್ಲಿ ಅಡುಗೆ ಮಾಡುವವಳು. ರಸ್ತೆಯ ಈಚೆ ನನ್ನ ಮನೆ, ಆಚೆ ಅವಳದು. ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ನಗು. ತಟ್ಟೆಯಲ್ಲಿ ಬಟಾಣಿ ಬಿಟ್ಟ ಮಕ್ಕಳನ್ನು, "ನಿಮ್ಮಪ್ಪನೂ ಹೀಗೇ ಬಿಡ್ತಿದ್ದ, ಈಗ ನೋಡು ಹೆಂಗಾಗಿದ್ದಾನೆ" ಎಂದು ಗದರುತ್ತಿದ್ದಳು. ಆ ಅಪ್ಪಂದಿರಿಗೂ ಬಡಿಸಿದ ಕೈ ಅದು, ಹೇಳುವ ಹಕ್ಕು ಅವಳಿಗಿತ್ತು. ನಮ್ಮಿಬ್ಬರಿಗೂ ಒಂದನೇ ತರಗತಿಯಿಂದ ಸ್ನೇಹ, ಅಲ್ಲಿಂದಲೇ ಜಗಳ. ನಾನು ಟ್ರ್ಯಾಕ್ಟರ್ ಅಂಗಡಿಯಲ್ಲಿ ಬಿಡಿಭಾಗ ಮಾರುವ ಕೌಂಟರಿನ ಹಿಂದೆ ಕೂರುವವಳು. ಊರಿನ ಗಂಡಸರಿಗೆ ಹೆಂಗಸನ್ನು ಕೇಳಲು ನಾಚಿಕೆ, ಕೇಳದೆ ತಪ್ಪು ಸಾಮಾನು ಒಯ್ದು ಮರುದಿನ ವಾಪಸು ಬರಲು ಇನ್ನೂ ನಾಚಿಕೆ. ನನಗೆ ಅದೊಂದು ಮಜಾ.

ಅವಳ ಗಂಡ ರೇನೊ ಮಾತು ಕಡಿಮೆಯ ಮನುಷ್ಯ. ಅವರ ಮನೆಯ ದಾರಿ ಉದ್ದ, ಜಲ್ಲಿಯದು. ರಸ್ತೆಯಿಂದ ಏರಿ, ಹಬೆಸ್ನಾನಕ್ಕೆಂದು ಕಟ್ಟಿದ ಸೌನಾದ ಮರದ ಕೋಣೆಯನ್ನು ಬಳಸಿ, ತಿರುವು ತೆಗೆದುಕೊಂಡು ಅಂಗಳ ಸೇರುತ್ತದೆ. ಆ ತಿರುವು ನನ್ನ ಅಂಚೆ ಪೆಟ್ಟಿಗೆಯ ಹತ್ತಿರ ನಿಂತರೆ ಕಾಣುತ್ತದೆ, ಅವರ ಅಡುಗೆಮನೆಯಿಂದ ಕಾಣುವುದಿಲ್ಲ. ರೇನೊ ತನ್ನ ಪುಟ್ಟ ಟ್ರ್ಯಾಕ್ಟರಿನ ಮೂತಿಗೆ ಬ್ಲೇಡು ಎಂಬ ಅಗಲದ ಕಬ್ಬಿಣದ ಹಲಗೆ ತಗುಲಿಸಿ ಹಿಮವನ್ನು ಎರಡೂ ಬದಿಗೆ ತಳ್ಳುತ್ತಿದ್ದ. ಫೆಬ್ರುವರಿಯ ಹೊತ್ತಿಗೆ ಇಕ್ಕೆಲದಲ್ಲೂ ಆಳೆತ್ತರದ ಗೋಡೆ.

ಹೋದ ವರ್ಷದ ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ, ಆ ತಿರುವಿನಲ್ಲಿ ದಾರಿಯ ಅಂಚು ತೋರಿಸಲು ನೆಟ್ಟಿದ್ದ ಕೋಲೊಂದು ವಾಲಿತ್ತು. ರೇನೊ ಟ್ರ್ಯಾಕ್ಟರನ್ನು ನ್ಯೂಟ್ರಲ್ಲಿಗೆ ಹಾಕಿ, ಬ್ರೇಕು ಬಿಗಿದು, ಕೋಲು ನೆಟ್ಟಗೆ ಮಾಡಲು ಕೆಳಗಿಳಿದ. ಅಲ್ಲೇ ಅವನ ಎದೆಬಡಿತ ನಿಂತುಹೋಯಿತು. ಎಂಜಿನ್ ನಿಲ್ಲಲಿಲ್ಲ. ಒಳಗೆ ಸೈಮಾ ನಿಸು ಮಾಡುತ್ತಿದ್ದಳು, ಏಲಕ್ಕಿ ಹಾಕಿ ಜಡೆಯಂತೆ ಹೆಣೆಯುವ ನಮ್ಮ ಸಿಹಿರೊಟ್ಟಿ. ಹೆಣೆದಳು, ಉಬ್ಬಲು ಬಿಟ್ಟಳು, ಒಲೆಗಿಟ್ಟಳು, ಕೆಂಪಗೆ ಬೆಂದದ್ದನ್ನು ಹೊರತೆಗೆದಳು. ಹೊರಗೆ ಎಂಜಿನ್ ಒಂದೇ ಸಮ ಗುರುಗುಡುತ್ತಿತ್ತು. ಇವತ್ತು ದಾರಿಯನ್ನು ಕನ್ನಡಿ ಮಾಡುತ್ತಿದ್ದಾನೆ ಎಂದುಕೊಂಡಳಂತೆ. ಕೊನೆಗೆ ಅವನು ಬಿದ್ದಿದ್ದನ್ನು ಕಂಡದ್ದು ದಾರಿಯ ಬುಡದ ಚಿಕ್ಕ ಮನೆಯಲ್ಲಿರುವ ಅವನ ತಮ್ಮ ಅರ್ವಿಡ್.

ಆಗಲೇ ಗೊತ್ತಾಗಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಆ ಮಾತು ಸೈಮಾಳ ಹತ್ತಿರ ನಡೆಯಲಿಲ್ಲ.

"ಅವನು ಹಿಮದಲ್ಲಿ ಬಿದ್ದಿದ್ದ, ನಾನು ಹಾಡು ಗುನುಗ್ತಾ ಇದ್ದೆ ಎಡ್ನಾ. ಹಾಡು!" ಎಂದು ನನ್ನ ತೋಳು ಹಿಡಿದು ಅಲುಗಾಡಿಸಿದಳು. ಅವಳು ಅಲುಗಾಡಿಸಿದಷ್ಟೂ ಅಲುಗಾಡಿದೆ.

ಅಲ್ಲಿಂದ ಆ ಸದ್ದು ಅವಳನ್ನು ಬಿಡಲಿಲ್ಲ. ಫ್ರಿಜ್ಜು ಗುಂಯ್‌ಗುಡುತ್ತದೆ ಎಂದು ಅದರ ತಂತಿ ಕಿತ್ತಳು, ಹಾಲೆಲ್ಲ ಕೆಟ್ಟಿತು. ಶಾಲೆಯಲ್ಲಿ ಪಾತ್ರೆ ತೊಳೆಯುವ ಯಂತ್ರ ಶುರುವಾದರೆ ಹೊರಗೆ ಹೋಗಿ ನಿಲ್ಲುತ್ತಿದ್ದಳು. ಬಟಾಣಿ ಬಿಟ್ಟ ಮಕ್ಕಳನ್ನು ಯಾರೂ ಕೇಳುವವರಿರಲಿಲ್ಲ. ಜುಲೈ ತಿಂಗಳಲ್ಲಿ ಒಂದು ದಿನ ನನ್ನ ಬಾಗಿಲಿಗೆ ಬಂದು, "ಟ್ರ್ಯಾಕ್ಟರಿನ ಮೂತಿ ಬಿಸಿಯಾಗಿದೆ, ಬಂದು ಮುಟ್ಟಿ ನೋಡು" ಎಂದಳು.

ಹೋದೆ. ಕೀಲಿ ಫೆಬ್ರುವರಿಯಿಂದ ಅವಳ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಅದು ನನಗೂ ಗೊತ್ತು. ಶೆಡ್ಡಿನೊಳಗೆ ಕತ್ತಲು. ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು.

"ತಗಡಿನ ಮಾಡು, ಬಿಸಿಲಿಗೆ ಕಾದಿದೆ ಅಷ್ಟೇ" ಎಂದೆ.

"ಹಾಗಾದ್ರೆ ಆ ಹುಲ್ಲು ಕತ್ತರಿಸೋ ಯಂತ್ರ ಮುಟ್ಟು."

ಮುಟ್ಟಿದೆ. ಬಾವಿಯ ನೀರಿನಷ್ಟು ತಣ್ಣಗಿತ್ತು. ನನಗೆ ದೆವ್ವಭೂತಗಳಲ್ಲಿ ನಂಬಿಕೆಯಿಲ್ಲ, ಆ ತರದ ಮಾತಾಡುವವರನ್ನು ಕಂಡರೆ ಮೈ ಉರಿಯುತ್ತದೆ. ಆದರೂ ಶೆಡ್ಡಿನ ಬಾಗಿಲು ಎಳೆದು, ಅಗುಳಿ ಬಿದ್ದಿದೆಯೇ ಎಂದು ಎರಡು ಸಲ ನೋಡಿದೆ. ಅಲ್ಲಿಂದ ನೇರ ಮನೆಗೆ ಬಂದುಬಿಟ್ಟೆ.

ಅಕ್ಟೋಬರಿನಲ್ಲಿ, ನೆಲ ಗಟ್ಟಿಯಾಗುವ ಮೊದಲು ಎಲ್ಲರೂ ದಾರಿಯಂಚಿಗೆ ಕೋಲು ನೆಡುವ ಹೊತ್ತಿಗೆ, ಅತ್ತಿಗೆ ಮೈದುನ ಇಬ್ಬರೂ ಅಂಗಡಿಗೆ ಬಂದರು. ಬರುವಾಗಲೇ ಜಗಳ ಅರ್ಧ ದಾರಿ ಸಾಗಿತ್ತು.

"ನೀನಾದ್ರೂ ಬುದ್ಧಿ ಹೇಳು ಎಡ್ನಾ" ಎಂದ ಅರ್ವಿಡ್. ಒಣಕಲು ಮನುಷ್ಯ, ಮದುವೆಯಾಗದವನು, ಹಳೇ ಮೊಳೆಯನ್ನೂ ನೆಟ್ಟಗೆ ಮಾಡಿ ಡಬ್ಬಿಗೆ ಹಾಕಿಡುವವನು. "ಈ ವರ್ಷದಿಂದ ದಾರಿ ಬಿಡಿಸೋನು ನಾನು. ಅಣ್ಣನ ಬ್ಲೇಡು ಕಲ್ಲುಗುಂಡಿನ ಹಾಗಿದೆ. ಇವಳಿಗೆ ಹೊಸದೇನೋ ಬೇಕಂತೆ. ಏನು ಬೇಕು ಅಂತ ಬಾಯಿ ಬಿಡಲ್ಲ."

"ನವೆಂಬರಿನಲ್ಲಿ ಬ್ಲೇಡಿನಷ್ಟು ಚುರುಕು ಬೇರೆ ಇಲ್ಲ" ಎಂದೆ. "ಫೆಬ್ರುವರಿಯಲ್ಲಿ ಹಿಮ ಎಲ್ಲಿಗೆ ತಳ್ತೀಯಾ? ಗೋಡೆ ಕಲ್ಲಾಗಿರುತ್ತೆ. ದಾರಿ ಕಿರಿದಾಗ್ತಾ ಹೋಗಿ ಕೊನೆಗೆ ನೀನೊಬ್ಬ ಅಡ್ಡಡ್ಡ ನಡ್ಕೊಂಡು ಹೋಗ್ಬೇಕು. ನಿನ್ನ ಮೈಗೇನೋ ಅದು ಸಾಕು."

"ಟ್ರ್ಯಾಕ್ಟರಿಗೆ ಬಕೆಟ್ಟು ತಗುಲಿಸಿ ಎತ್ತಿ ಹಾಕ್ತೀನಿ."

"ಹಾಕು. ತುಂಬು, ಹಿಂದೆ ಬಾ, ತಿರುಗು, ಸುರಿ. ಈಸ್ಟರ್ ಹೊತ್ತಿಗೆ ಮುಗಿಯುತ್ತೆ."

"ಹಾಗಾದ್ರೆ ಬ್ಲೋವರ್ರು ಅಂತೀಯಾ."

"ಹಿಮ ಕೊರೆದು ದೂರ ಎಸೆಯುತ್ತೆ, ಗೋಡೆ ಏಳೋದೇ ಇಲ್ಲ. ಮುಂದೆ ತಗುಲಿಸೋದು ಆರಾಮ, ಆದ್ರೆ ದುಬಾರಿ, ನಿಮ್ಮ ಗಾಡಿಗೆ ಭಾರ ಬೇರೆ. ಹಿಂದೆ ತಗುಲಿಸೋದು ಸಾಕು. ದಾರಿ ಪೂರ್ತಿ ಹಿಮ್ಮುಖವಾಗಿ ಓಡಿಸ್ಬೇಕು, ಅಷ್ಟೇ."

"ಕತ್ತು ತಿರುಗಿಸ್ಕೊಂಡಾ? ನಾನೇನು ಗೂಬೇನಾ?"

"ಮುಖ ನೋಡಿದ್ರೆ ಅನುಮಾನ ಬರುತ್ತೆ."

ಬೇರೆ ಯಾವಾಗಲಾದರೂ ಆಗಿದ್ದರೆ ಈ ಮಾತಿಗೆ ಅಂಗಡಿಯಲ್ಲಿ ಮೊದಲು ನಗುವವಳು ಸೈಮಾ. ಅವಳು ಸಾಲಾಗಿ ನಿಲ್ಲಿಸಿದ್ದ ಟ್ರ್ಯಾಕ್ಟರುಗಳ ನಡುವೆ ಓಡಾಡುತ್ತಿದ್ದಳು. ಬ್ಲೇಡನ್ನೂ ನೋಡಲಿಲ್ಲ, ಬ್ಲೋವರನ್ನೂ ನೋಡಲಿಲ್ಲ. ಒಂದೊಂದರ ಸೀಟನ್ನೂ ಅಂಗೈಯಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ಆಮೇಲೆ ಅಲ್ಲಿಂದಲೇ, ತಿರುಗದೆ ಕೇಳಿದಳು.

"ಎಡ್ನಾ, ಓಡಿಸ್ತಿರೋನು ಬಿದ್ದುಹೋದ್ರೆ ಯಾವುದರಲ್ಲಿ ಎಂಜಿನ್ ನಿಲ್ಲುತ್ತೆ?"

ಅವಳು ಕೇಳಿದ್ದು ನನ್ನ ಕೆಲಸದ ಪ್ರಶ್ನೆ, ಕೆಲಸದ ಉತ್ತರವನ್ನೇ ಕೊಟ್ಟೆ. ಅವರ ಗಾಡಿಯಲ್ಲೂ ಸೀಟಿನ ಕೆಳಗೊಂದು ಸ್ವಿಚ್ಚಿದೆ. ಬ್ಲೇಡು ಹಾಕಿದ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಇಳಿದರೆ ಆ ಸ್ವಿಚ್ಚು ಏನೂ ಮಾಡುವುದಿಲ್ಲ, ಎಂಜಿನ್ ಓಡುತ್ತಲೇ ಇರುತ್ತದೆ. ಬ್ಲೋವರ್ ತಿರುಗುತ್ತಿರುವಾಗ ಸೀಟಿನ ಮೇಲಿನ ಭಾರ ಹೋಯಿತೋ, ಎಂಜಿನ್ ತಕ್ಷಣ ಸಾಯುತ್ತದೆ. ಅದನ್ನು ಮಾಡಿರುವುದೇ ಹಾಗೆ.

"ಅಯ್ಯೋ, ಅದೊಂದು ಕಾಟ. ಎಲ್ಲರೂ ಅದಕ್ಕೊಂದು ತಂತಿ ಕಟ್ಟಿ..." ಎಂದ ಅರ್ವಿಡ್. ಅವನು ಹೇಳಿದ್ದು ನಿಜ. ನಮ್ಮೂರಿನ ಅರ್ಧ ಟ್ರ್ಯಾಕ್ಟರುಗಳಲ್ಲಿ ಆ ಸ್ವಿಚ್ಚು ಕೆಲಸ ಮಾಡದಂತೆ ಅಡ್ಡ ತಂತಿ ಕಟ್ಟಿದೆ. ಕೊರೆಯುವ ಚಳಿಯಲ್ಲಿ ಇಳಿದು ಹತ್ತುವಾಗೆಲ್ಲ ಎಂಜಿನ್ ನಿಂತರೆ ಯಾರಿಗೂ ತಾಳ್ಮೆಯಿರುವುದಿಲ್ಲ. ಇಂಥ ಮೂರ್ಖತನ ಹಿಮದ ಊರಿನವರಿಗೇ ಸೈ.

"ತಂತಿ ಕಟ್ಟಿದ್ರೆ ಹೊಲಿಗೆ ಕತ್ತರಿ ತಗೊಂಡು ಮೊದಲು ತಂತಿ ಕತ್ತರಿಸ್ತೀನಿ, ಆಮೇಲೆ ನಿನ್ನ ಬೆರಳು" ಎಂದಳು ಸೈಮಾ. "ದಾರಿ ಹಾಳಾಗಿ ಹೋಗ್ಲಿ ಕಣೋ ಅರ್ವಿಡ್, ಮುಚ್ಚಿಹೋಗ್ಲಿ. ಹೊರಗಿರೋನು ಬಿದ್ರೆ ನಂಗೆ ಒಳಗೆ ಗೊತ್ತಾಗ್ಬೇಕು. ಇಲ್ಲಾಂದ್ರೆ ಮನೆ ಮಾರ್ತೀನಿ. ಆ ಗುರುಗುರು ಕೇಳ್ಕೊಂಡು ಇನ್ನೊಂದು ಚಳಿಗಾಲ ಆ ಅಡುಗೆಮನೆಯಲ್ಲಿ ನಿಲ್ಲೋಕೆ ನನ್ನ ಕೈಲಾಗಲ್ಲ."

ಅಂಗಡಿಯ ಹಿಂದಿನ ಅಂಗಳದಲ್ಲಿ, ಹಿಂದಕ್ಕೆ ಬ್ಲೋವರ್ ತಗುಲಿಸಿದ ಗಾಡಿಯೊಂದಿತ್ತು. ನಾನೇ ಹತ್ತಿ ಕೂತು ಚಾಲೂ ಮಾಡಿದೆ, ಬ್ಲೋವರ್ ತಿರುಗಿಸಿದೆ, ಸೀಟಿನಿಂದ ಎದ್ದೆ. ಎಂಜಿನ್ ಬಿಕ್ಕಳಿಸಿ ಸುಮ್ಮನಾಯಿತು. ದೂರದಲ್ಲಿ ಯಾರದೋ ನಾಯಿ ಬೊಗಳುವುದು ಕೇಳಿಸಿತು.

"ಇನ್ನೊಂದ್ಸಲ" ಎಂದಳು.

ಮಾಡಿ ತೋರಿಸಿದೆ.

"ಇನ್ನೊಂದ್ಸಲ."

ಅದೆಷ್ಟು ಸಲ ಎದ್ದೆನೋ, ಮೊಣಕಾಲು ನೋವು ಬಂತು. ಅವಳು ಕಣ್ಣು ಮುಚ್ಚಿ ನಿಂತಿದ್ದಳು, ಕೆನ್ನೆ ಒದ್ದೆಯಾಗಿತ್ತು. ಅರ್ವಿಡ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. "ಇದೇ ಇರಲಿ ಎಡ್ನಾ" ಎಂದ. "ಗೂಬೆ ಆಗ್ತೀನಿ, ಬಿಡು."

ಹಾಗೆ ಬ್ಲೋವರ್ ಆ ಮನೆಗೆ ಬಂತು. ಮೊದಲ ಹಿಮಕ್ಕೇ ಅರ್ವಿಡ್ ಹಿಮದಡಿ ಹೂತಿದ್ದ ಭಾನುವಾರದ ದಪ್ಪ ಪೇಪರನ್ನು ಅದಕ್ಕೆ ತಿನ್ನಿಸಿ, ಇಂಥ ಹೊತ್ತಿಗೆ ಮುರಿಯಲೆಂದೇ ಇಟ್ಟಿರುವ ಬೋಲ್ಟನ್ನು ಮುರಿದ. ಬೈಗುಳ ನನ್ನ ಮನೆಯವರೆಗೆ ಕೇಳಿಸಿತು. ಆಮೇಲೆ ಕೈ ಕುದುರಿತು. ಕತ್ತು ಹೊರಳಿಸಿಕೊಂಡು ಹಿಮ್ಮುಖವಾಗಿ ಏರು ಹತ್ತುತ್ತಿದ್ದ, ಹಿಮ ಸೌನಾದ ಮೇಲಿನಿಂದ ಹಾರಿ ಆಚೆ ಬೀಳುತ್ತಿತ್ತು.

ತಿರುವು ಬಂದಾಗ ಅವನೊಂದು ಅಭ್ಯಾಸ ಮಾಡಿಕೊಂಡಿದ್ದ. ಬ್ಲೋವರ್ ತಿರುಗುತ್ತಿರುವಾಗಲೇ ಸೀಟಿನಿಂದ ಎದ್ದು ನಿಲ್ಲುತ್ತಿದ್ದ. ಎಂಜಿನ್ ಸಾಯುತ್ತಿತ್ತು. ಅಡುಗೆಮನೆಯ ಬಾಗಿಲು ದಡಕ್ಕನೆ ತೆರೆಯುತ್ತಿತ್ತು.

"ಅರ್ವಿಡ್?"

"ಇದ್ದೀನಿ!"

ಬಾಗಿಲು ಮುಚ್ಚುತ್ತಿತ್ತು, ಸ್ಪ್ರಿಂಗಿನ ಬಾಗಿಲು, ಅದರ ಪೆಟ್ಟು ರಸ್ತೆಯವರೆಗೆ ಕೇಳುತ್ತಿತ್ತು. ಮತ್ತೆ ಎಂಜಿನ್. ಯಾಕೋ ಹೀಗೆ ಮಾಡುತ್ತೀಯಾ ಎಂದು ಒಮ್ಮೆ ಕೇಳಿದೆ. "ಅವಳು ಒಳಗೆ ಉಸಿರು ಬಿಗಿಹಿಡ್ಕೊಂಡು ಕೂತಿರ್ತಾಳೆ ಮಾರಾಯ್ತಿ. ಒಂದ್ಸಲ ಕೂಗಿಬಿಟ್ರೆ ಹಗುರ ಆಗ್ತಾಳೆ" ಎಂದ. ಈ ಜಿಪುಣನೊಳಗೆ ಇಂಥ ಬುದ್ಧಿ ಎಲ್ಲಿ ಅಡಗಿತ್ತೋ. ಕ್ರಿಸ್‌ಮಸ್ಸಿನ ಹೊತ್ತಿಗೆ ಫ್ರಿಜ್ಜಿನ ತಂತಿ ಗೋಡೆಗೆ ಸೇರಿತು. ಶಾಲೆಯ ಮಕ್ಕಳಿಗೆ ಮತ್ತೆ ಬೈಗುಳ ಸಿಗತೊಡಗಿತು. ನಿಸು ಮಾತ್ರ ಅವಳು ಹೆಣೆಯಲಿಲ್ಲ.

ಫೆಬ್ರುವರಿ ಬಂತು. ರೇನೊ ಹೋದ ದಿನ ಹತ್ತಿರವಾದಾಗ ಅರ್ವಿಡ್ ಜ್ವರ ಬಂದು ತನ್ನ ಮನೆಯಲ್ಲಿ ಮಲಗಿದ. ವರ್ಷ ತುಂಬಿದ ಬೆಳಿಗ್ಗೆ ಹಿಮ ಬಿದ್ದು ನಿಂತಿತ್ತು, ಕೊಂಬೆಯೂ ಅಲುಗದಷ್ಟು ನಿಶ್ಚಲ. ನಾನು ಅಂಚೆ ಪೆಟ್ಟಿಗೆಯ ಸುತ್ತ ಸಲಿಕೆ ಹಿಡಿದಿದ್ದೆ. ನೋಡುತ್ತೇನೆ, ಟ್ರ್ಯಾಕ್ಟರಿನ ಮೇಲೆ ಸೈಮಾ. ಕತ್ತು ತಿರುಗಿಸಿಕೊಂಡು, ನಾಲಗೆ ಕಚ್ಚಿಕೊಂಡು, ಹಿಮ್ಮುಖವಾಗಿ ಏರು ಹತ್ತುತ್ತಿದ್ದಾಳೆ. ತಿರುವಿನಲ್ಲಿ ಅವಳೂ ಅರ್ವಿಡ್‌ನಂತೆಯೇ ಎದ್ದು ನಿಂತಳು.

ಎಂಜಿನ್ ನಿಂತಿತು. ಮನೆಯಲ್ಲಿ ಯಾರೂ ಇಲ್ಲವೆಂಬುದು ನನಗೆ ಆಗ ಹೊಳೆಯಿತು. ಕೂಗಿ ಕೇಳುವವರಿಲ್ಲ. ನಾನೇ ಕೂಗೋಣವೆಂದು ಸಲಿಕೆ ಊರಿ ನೆಟ್ಟಗೆ ನಿಂತೆ. ಅಷ್ಟರಲ್ಲಿ ಅವಳು ಮನೆಯ ಕಡೆ ಮುಖ ಮಾಡಿ, ಕಿವಿಯ ಮೇಲಿನ ಉಣ್ಣೆಯ ಟೊಪ್ಪಿಗೆ ಸರಿಸಿ, ಆಲಿಸುತ್ತ ನಿಂತಳು. ಆಮೇಲೆ ಶಾಲೆಯ ಊಟದ ಕೋಣೆಯ ಆ ದೊಡ್ಡ ದನಿಯಲ್ಲಿ ಉತ್ತರ ಕೊಟ್ಟಳು.

"ಇದ್ದೀನಿ ರೇನೊ! ಇದ್ದೀನಿ!"

ಅಡುಗೆಮನೆಯ ಬಾಗಿಲು ಮುಚ್ಚಿದ ಪೆಟ್ಟು ನನಗೆ ಕೇಳಿಸಿತು. ಗಾಳಿ ಇರಲಿಲ್ಲ. ಅವಳು ಕೂತು ಎಂಜಿನ್ ಚಾಲೂ ಮಾಡಿದಳು.

ನಾನು ಸಲಿಕೆಯನ್ನು ಅಲ್ಲೇ ಬಿಸಾಡಿ ರಸ್ತೆ ದಾಟಿದೆ. ಹೆದರಿಕೆಯೇ ಆಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಮನೆಯೊಳಗೆ ಕೂತು ಕಿವಿಗೊಡುವವರು ಬದುಕಿರುವವರಾಗಿರಬೇಕು ಎನ್ನುವ ಹಟ ಹೆದರಿಕೆಗಿಂತ ಜೋರಾಗಿತ್ತು. ಅವಳು ದಾರಿಯ ಬುಡಕ್ಕೆ ಇಳಿಯುವವರೆಗೆ ಕಾದು, ಮರಗಳ ಹಿಂದಿನಿಂದ ಹೋಗಿ ಅಡುಗೆಮನೆ ಹೊಕ್ಕೆ. ಒಳಗೆ ಯಾರೂ ಇರಲಿಲ್ಲ. ಮೇಜಿನ ಮೇಲೆ ಬಟ್ಟೆ ಮುಚ್ಚಿದ ನಿಸು ಉಬ್ಬುತ್ತಿತ್ತು. ಒಲೆಯ ಮೇಲೆ ಕಾಫಿಗೆ ನೀರಿಟ್ಟು ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡೆ.

ಸದ್ದು ಮತ್ತೆ ಏರು ಹತ್ತಿತು. ತಿರುವಿನಲ್ಲಿ ನಿಂತುಹೋಯಿತು. ಬಾಗಿಲು ತೆಗೆದು ಗಂಟಲು ಹರಿಯುವಂತೆ ಕೂಗಿದೆ.

"ಸೈಮಾ?"

ಉತ್ತರ ಬರುವಷ್ಟರಲ್ಲಿ ನನ್ನ ಕಾಲು ಹಿಮಕ್ಕಿಳಿದಾಗಿತ್ತು.

"ಇದ್ದೀನಿ ಕಣೆ" ಎಂದಿತು ಸೌನಾದ ಆಚೆಯಿಂದ ಒಡಕು ದನಿ. "ನಿಸು ಒಲೆಗಿಡು."