ಕುಲೆ ಮದುವೆಯ ನೋಣಯ್ಯ

ವಾಮದಪದವಿನ ನೋಣಯ್ಯ ಬದುಕಿದ್ದವರ ಮದುವೆಗೆ ಎಂದೂ ಕೈ ಹಾಕಿದವನಲ್ಲ. "ಅವರು ಆಮೇಲೆ ಜಗಳವನ್ನು ನನ್ನ ಜಗಲಿಗೇ ತರ್ತಾರೆ ಮಾರಾಯ್ರೆ. ಸತ್ತವರದ್ದು ಆ ಉಪದ್ರ ಇಲ್ಲ" ಎನ್ನುತ್ತಿದ್ದ. ಎಳವೆಯಲ್ಲಿ ತೀರಿಕೊಂಡ ಮಕ್ಕಳು ಕುಲೆಗಳಾಗಿ, ಅಂದರೆ ಪ್ರೇತಗಳಾಗಿ, ಮನೆಯವರ ಜೊತೆಯಲ್ಲೇ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಅವರಿಗೂ ಮದುವೆಯಾಗಬೇಕು ಎಂಬುದು ಆ ಕಡೆಯ ನಂಬಿಕೆ. ಮಳೆಗಾಲದ ಆಟಿ ತಿಂಗಳು ಬಂತೆಂದರೆ ನೋಣಯ್ಯ ಕೊಡೆ ಹಿಡಿದು ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಸುತ್ತಿ ಜೋಡಿ ಹುಡುಕುತ್ತಿದ್ದ.

ಅವನದೊಂದು ಹಟ. ಹುಡುಗಿ ಈಗ ಹೇಗಿದ್ದಾಳೆಂದು ತಾಯಿಯೇ ಹೇಳಬೇಕು, ಇಲ್ಲದಿದ್ದರೆ ಸಂಬಂಧದ ಮಾತೇ ಇಲ್ಲ. ತಾಯಂದಿರು ಹೇಳುತ್ತಲೂ ಇದ್ದರು, ಜಡೆ ಸೊಂಟದವರೆಗೆ ಬಂದಿದೆ, ಬೆಕ್ಕು ಕಂಡರೆ ಹೆದರುತ್ತಾಳೆ ಎಂದೆಲ್ಲ.

೧೯೫೮ರ ಆಟಿಯಲ್ಲಿ ಸಿದ್ದಕಟ್ಟೆಯ ಪೂವಮ್ಮ ಮಾತ್ರ ಬಾಯಿ ಬಿಡಲಿಲ್ಲ. ಅವಳ ಕಿರಿಮಗಳು ಕುಸುಮಳಿಗೆ ಬಂದ ಮೂರು ಸಂಬಂಧಗಳೂ ಮುರಿದಿದ್ದವು. ಹದಿನೆಂಟು ವರ್ಷದ ಹಿಂದೆ ತೀರಿಹೋದ ಅಕ್ಕನ ಮದುವೆ ಮೊದಲು ಆಗಲಿ ಎಂದು ಜೋಯಿಸರು ಹೇಳಿದ್ದರು. ಬೆಳ್ತಂಗಡಿಯ ಲೋಲಾಕ್ಷಿ, ಆರು ತಿಂಗಳಿಗೇ ತೀರಿಕೊಂಡ ತನ್ನ ಮಗನಿಗೆ ಹೆಣ್ಣು ತರಲು ಕಾದಿದ್ದಳು.

"ಹುಡುಗಿ ಹೇಗುಂಟು?" ನೋಣಯ್ಯ ಕೇಳಿದ.

"ನನಗೆಂಥ ಗೊತ್ತು ನೋಣಯ್ಯಣ್ಣ? ಹೆತ್ತು ಜ್ವರದಲ್ಲಿ ಬಿದ್ದಿದ್ದೆ. ಎಚ್ಚರ ಆಗುವಾಗ ಹುಗಿದು ಬಂದಿದ್ದರು. ಮುಖವೇ ನೋಡದವಳನ್ನು ಹೇಗೆ ಧಾರೆ ಎರೆದು ಕೊಡುವುದು?" ಪೂವಮ್ಮ ಸೆರಗಿಗೆ ಮುಖ ಒತ್ತಿ ಅತ್ತಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ನೋಣಯ್ಯ ಒಂದರಿಂದ ಶುರು ಮಾಡಿದ. "ಹಾಗಾದರೆ ನಾನು ಹೇಳ್ತೇನೆ. ಹುಡುಗಿ ಬೆಳ್ಳಗೆ, ಉದ್ದ. ಮಾತು ಕಡಿಮೆ. ಪಾಪ, ತುಂಬ ಸಾಧು."

"ಸಾಧುವಾ?" ಪೂವಮ್ಮ ತಟ್ಟನೆ ತಲೆಯೆತ್ತಿದಳು. "ಹೊಟ್ಟೆಯಲ್ಲಿರುವಾಗಲೇ ನನ್ನನ್ನು ನಿದ್ದೆ ಮಾಡ್ಲಿಕ್ಕೆ ಬಿಟ್ಟವಳಲ್ಲ, ಒದ್ದು ಒದ್ದು ಹಾಕ್ತಿದ್ದಳು. ಸಾಧುವಂತೆ ಸಾಧು!"

"ಓಹೋ, ಜೋರಿನವಳು."

"ಜೋರೇ! ನನ್ನ ಅಮ್ಮನ ಹಾಗೆ. ಉದ್ದವೂ ಇಲ್ಲ, ನಮ್ಮಲ್ಲಿ ಯಾರು ಉದ್ದ ಇದ್ದಾರೆ? ಮಾವಿನಕಾಯಿ ಅಂದರೆ ಪ್ರಾಣ ಅವಳಿಗೆ. ಬಸುರಿಯಾಗಿರುವಾಗ ನನಗೆ ಬೇರೇನೂ ಸೇರುತ್ತಿರಲಿಲ್ಲ."

ಅವಳು ಹೇಳುತ್ತಲೇ ಹೋದಳು. ನೋಣಯ್ಯನ ಲೋಟದ ಕಾಫಿ ತಣಿಯಿತು.

ಮಣೆಯ ಮೇಲೆ ಸೀರೆ, ಬಳೆ, ಕರಿಮಣಿ ಇಟ್ಟು ಧಾರೆಯಾಯಿತು. ಪೂವಮ್ಮ ಬೀಗಿತ್ತಿಯ ಕೈ ಹಿಡಿದು, "ಸ್ವಲ್ಪ ಜೋರು ಮಾತಿನವಳು, ಬೇಸರ ಮಾಡಬೇಡಿ. ಆಟಿಗೊಮ್ಮೆ ತವರಿಗೆ ಕಳಿಸಿ" ಎಂದಳು. ಲೋಲಾಕ್ಷಿ ಕಣ್ಣೊರೆಸಿಕೊಂಡು ಆಗಲಿ ಎಂದಳು.

ಮರುವರ್ಷದ ಆಟಿಯಲ್ಲಿ ನೋಣಯ್ಯ ಅದೇ ದಾರಿಯಾಗಿ ಬಂದ. ಕುಸುಮ ಗಂಡನ ಮನೆಯಿಂದ ಬಂದಿದ್ದಳು, ಊಟದ ಹೊತ್ತು. ಅವಳ ಪಕ್ಕದಲ್ಲಿ ಯಾರೂ ಕೂರದ ಎಲೆಯ ತುದಿಯಲ್ಲಿ ಉಪ್ಪುನೀರಿನ ಮಾವಿನಕಾಯಿ ರಾಶಿಯಾಗಿ ಬಿದ್ದಿತ್ತು. ನೋಣಯ್ಯ ಅದರ ಮುಂದೆ ಕೂರಲು ಹೊರಟ.

"ಅಲ್ಲಿ ಬೇಡ ನೋಣಯ್ಯಣ್ಣ" ಎಂದು ಪೂವಮ್ಮ ಬೇರೆ ಮಣೆ ತಂದಿಟ್ಟಳು. "ಅವಳು ಸುಮ್ಮನಿರುವವಳಲ್ಲ."